ಹೆಳವ ಹೇಳದ ವಂಶಾವಳಿ

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಾರೆ. ಮೊದಲೆಲ್ಲ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗ ಬೈಕ್ ಮೇಲೂ ಬರುತ್ತಾರೆ. ಕಟ್ಟೆ ಮೇಲೆ ಕೂತು ಮನೆತನದ ಹೆಸರುಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಇಂಥವನ ಮಗ ಇಂಥವ, ಇಂಥ ಊರು ಬಿಟ್ಟು ಬಂದ, ಇಂಥ ಕಡೆ ಹೊಲ ಹಿಡಿದ. ಮುಗಿದ ಮೇಲೆ ಚೀಲಕ್ಕೆ ಜೋಳ ಹಾಕಿಸಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಹೆಳವ ಅಂದರೆ ಕಾಲಿಲ್ಲದವ ಅಂತಲೇ ಅರ್ಥ. ಕಾಲಿಲ್ಲದವನ ಕುಲಕ್ಕೆ ಊರೂರು ತಿರುಗುವ ಕೆಲಸ ಹೇಗೆ ಬಂತು ಅಂತ ಸಣ್ಣವನಿದ್ದಾಗ ಅಜ್ಜಿಯನ್ನು ಕೇಳಿದ್ದೆ. "ಓಡಾಡವ್ರಿಗೆ ಎಲ್ಲೈತಿ ನೆನಪು? ಕುಂತವ್ರಿಗೇ ಎಲ್ಲಾ ನೆನಪಿರತೈತಿ" ಅಂದಿದ್ದಳು.

ಈ ವರ್ಷ ಹೆಳವ ಬಂದಾಗ ನಾನು ಊರಲ್ಲೇ ಇದ್ದೆ. ಅಣ್ಣಿಗೇರಿ ಹತ್ತಿರ ನಮ್ಮೂರು. ನಮ್ಮ ಕಾಕಾ ಹೋಗಿ ಮೂರು ವರ್ಷ ಆಗಿತ್ತು. ಹೆಳವ ಅವರ ಹೆಸರು ಕೇಳಿ ಬರೆದುಕೊಂಡ, ಮಕ್ಕಳ ಹೆಸರು ಬರೆದುಕೊಂಡ. ಅಷ್ಟೇ. ಕಾಕಾನ ಒಂದು ಕಾಲು ರಬ್ಬರಿನದು, ಆ ಕಾಲಿಗೂ ಒಂದು ವಂಶಾವಳಿ ಇದೆ ಅಂತ ಹೇಳಬೇಕು ಅನ್ನಿಸಿತು. ಆದರೆ ಅವನಿಗೆ ಇನ್ನೂ ನಾಲ್ಕು ಮನೆ ಇತ್ತು.

ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಇಪ್ಪತ್ತೆಂಟು ವರ್ಷ ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದೆ. ಲೇತ್, ಡ್ರಿಲ್ಲಿಂಗ್ ಮಷಿನ್, ಕಬ್ಬಿಣದ ಸರಳು ಎಳೆದು ಹರಿಯುವ ಮಷಿನ್, ಇವೇ ನನ್ನ ಸಂಗಾತಿಗಳು. ಒಂದು ದಿನ ನಮ್ಮ ಪ್ರೊಫೆಸರ್ ಸರ್ ಕರೆದು, "ಹಳೇ ಸ್ಟೋರ್ ರೂಮ್ ಖಾಲಿ ಮಾಡ್ರಿ, ಅಲ್ಲಿ ಮನುಷ್ಯರು ನಡೆಯೋದನ್ನ ಅಳೀತೀವಿ" ಅಂದರು. ನಡೆಯೋದರಲ್ಲಿ ಅಳೆಯೋದು ಏನಿದೆ ಅಂತ ನಗು ಬಂತು. ಸರ್ ಎದುರು ನಗಲಿಲ್ಲ.

ದುಡ್ಡು ಬಹಳ ಇರಲಿಲ್ಲ. ಹೊರದೇಶದಿಂದ ತರಿಸುವ ಕ್ಯಾಮೆರಾಗಳ ರೇಟು ನೋಡಿ ಸರ್ ಆ ಕಾಗದ ಮಡಚಿ ಜೇಬಲ್ಲಿ ಇಟ್ಟುಕೊಂಡರು. ಎರಡು ಹ್ಯಾಂಡಿಕ್ಯಾಮ್ ಬಂದವು. ಮೈಮೇಲೆ ಅಂಟಿಸಲು ಹೊಳೆಯುವ ಗುಂಡುಗಳು ಬೇಕಿತ್ತು. ದೊಡ್ಡ ಲ್ಯಾಬ್‌ಗಳಲ್ಲಿ ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುವ ಬಟ್ಟೆ ಸುತ್ತಿದ ಸಣ್ಣ ಗೋಲಿಗಳನ್ನು ಹಾಕುತ್ತಾರೆ. ರಸ್ತೆ ಬದಿಯ ಬೋರ್ಡ್ ರಾತ್ರಿ ಗಾಡಿ ಬೆಳಕಿಗೆ ಹೊಳೆಯುವುದೂ ಇದೇ ತಂತ್ರದಿಂದ. ನಾನು ನಂಬರ್ ಪ್ಲೇಟ್ ಬರೆಯುವ ಅಂಗಡಿಗೆ ಹೋಗಿ ಬಿಳಿ ರೇಡಿಯಂ ಸ್ಟಿಕ್ಕರ್ ತಂದೆ. ಥರ್ಮೋಕೋಲ್ ಗುಂಡಿಗೆ ಸುತ್ತಿದೆ. "ಯಾವ ಗಾಡೀಗ್ರಿ?" ಅಂತ ಅಂಗಡಿಯವ ಕೇಳಿದ. ಮನುಷ್ಯನಿಗೆ ಅಂದರೆ ನಂಬಲಿಲ್ಲ.

ನೆಲದಲ್ಲಿ ಒಂದು ಗುಂಡಿ ತೋಡಿ, ನಾಲ್ಕು ಮೂಲೆಗೆ ಭಾರ ಅಳೆಯುವ ನಾಲ್ಕು ಲೋಡ್ ಸೆಲ್ ಇಟ್ಟು, ಮೇಲೆ ದಪ್ಪ ಉಕ್ಕಿನ ತಗಡು ಕೂರಿಸಿದೆವು. ಅದಕ್ಕೆ ಫೋರ್ಸ್ ಪ್ಲೇಟ್ ಅನ್ನುತ್ತಾರೆ. ಕಾಲಿಟ್ಟಾಗ ನೆಲ ಎಷ್ಟು ಜೋರಾಗಿ ತಿರುಗಿ ಒತ್ತುತ್ತದೆ ಅಂತ ಅದು ಹೇಳುತ್ತದೆ. ಮೊದಲ ವಾರ ಏನೂ ಸರಿ ಬರಲಿಲ್ಲ. ಯಾರೂ ನಿಲ್ಲದಿದ್ದರೂ ಗೆರೆ ನಡುಗುತ್ತಿತ್ತು. ಆಮೇಲೆ ತಿಳಿಯಿತು, ಗೋಡೆ ಆಚೆ ಜನರೇಟರ್ ಇತ್ತು. ಕರೆಂಟ್ ಹೋದಾಗ ಜನರೇಟರ್ ಬೇಕು, ಜನರೇಟರ್ ಶುರುವಾದರೆ ಪ್ಲೇಟ್ ನಡುಗುತ್ತದೆ. ಕರೆಂಟ್ ಇದ್ದ ಹೊತ್ತು ನೋಡಿಕೊಂಡೇ ಮನುಷ್ಯರನ್ನು ನಡೆಸಬೇಕಾಯಿತು.

ಹುಡುಗರನ್ನು ನಡೆಸಿ ನಡೆಸಿ ಬೇಜಾರಾದಾಗ ಸರ್ ಕೇಳಿದರು, "ಕೃತಕ ಕಾಲಿನವರು ಯಾರಾದರೂ ನಿಮಗೆ ಗೊತ್ತಿದ್ದಾರೇನ್ರಿ?"

ಗೊತ್ತಿದ್ದರು.

ಕಾಕಾನ ಕಾಲು ಹೋಗಿದ್ದು ಗದಗಿನ ಹತ್ತಿ ಮಾರುಕಟ್ಟೆಯಲ್ಲಿ. ಲಾರಿಯಿಂದ ಅರಳೆ ಅಂಡಿಗೆ ಇಳಿಸುವಾಗ ಒಂದು ಉರುಳಿ ಕಾಲ ಮೇಲೆ ಬಿತ್ತು. ಹತ್ತಿ ಹಗುರ ಅಂತ ನಾವೆಲ್ಲ ತಿಳಿದಿರುತ್ತೇವೆ, ಅಲ್ವಾ? ಮೂಳೆ ಪುಡಿಯಾಯಿತು, ಗಾಯ ಕೊಳೆಯಿತು, ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಮೊದಲು ಸಿಕ್ಕ ಕಾಲು ಬೂಟಿನೊಳಗೆ ಕೂರುವಂಥದ್ದು. ಹಿಮ್ಮಡಿಗೆ ಮೆತ್ತನೆ ರಬ್ಬರ್, ನಡುವೆ ಕಟ್ಟಿಗೆ, ಹರಡು ಅಲುಗಾಡುವುದಿಲ್ಲ. ಅದರ ಹೆಸರು ಸ್ಯಾಚ್ ಫುಟ್. ಕಾಕಾ ಎರಡು ತಿಂಗಳು ಹಾಕಿ ಅಟ್ಟಕ್ಕೆ ಎಸೆದರು. "ಬೂಟ್ ಹಾಕ್ಕೊಂಡು ದೇವರ ಮನಿಗೆ ಹೋಗ್ಲೇನು? ಕುಂದ್ರಾಕ ಬರಂಗಿಲ್ಲ, ಹೊಲಕ್ಕ ಹೋಗಾಕ ಬರಂಗಿಲ್ಲ. ಇದು ಸಾಹೇಬ್ರ ಕಾಲು" ಅಂದರು.

ಸಾಹೇಬರ ಕಾಲು ಅಂದಿದ್ದು ತಮಾಷೆಗೆ. ಆದರೆ ಅದು ಅಕ್ಷರಶಃ ನಿಜ ಅಂತ ನನಗೆ ಗೊತ್ತಾಗಿದ್ದು ಲ್ಯಾಬ್ ಶುರುವಾದ ಮೇಲೆ, ಸರ್ ಕೊಟ್ಟ ಪುಸ್ತಕ ಓದುತ್ತ ಕೂತಾಗ.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಕಾಲು ಕಳೆದುಕೊಂಡ ಸಿಪಾಯಿಗಳು ಸಾವಿರಾರು ಮಂದಿ. ಅವರಿಗೆ ಕೊಟ್ಟ ಕಾಲು ಅವರಿಗೂ ಸೇರಲಿಲ್ಲ. ಗಲಾಟೆ ಆಯಿತು. ಒಳ್ಳೆ ಕಾಲು ಮಾಡಿ ಅಂತ ಸರ್ಕಾರ ವಿಜ್ಞಾನಿಗಳನ್ನು ಕೂರಿಸಿತು. ಕೂತವರಿಗೆ ಮೊದಲು ಹೊಳೆದ ತೊಡಕು ಏನಪ್ಪಾ ಅಂದರೆ, ಎರಡೂ ಕಾಲು ಇರುವವ ಹೇಗೆ ನಡೆಯುತ್ತಾನೆ ಅನ್ನುವುದೇ ಸರಿಯಾಗಿ ಗೊತ್ತಿಲ್ಲ! ಹಾಗಾಗಿ 1945ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆ ಕೆಲಸ ಶುರುವಾಯಿತು. ಮುಂದೆ ಬಯೋಮೆಕ್ಯಾನಿಕ್ಸ್ ಲ್ಯಾಬ್ ಅಂತ ಹೆಸರಾಗಿದ್ದು ಅದೇ. ಅದನ್ನು ಕಟ್ಟಿದವರು ಇಬ್ಬರು. ವರ್ನ್ ಇನ್‌ಮನ್ ಮೂಳೆ ಡಾಕ್ಟರ್. ಹೊವಾರ್ಡ್ ಎಬರ್‌ಹಾರ್ಟ್ ಅದೇ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಸಿವಿಲ್ ಇಂಜಿನಿಯರಿಂಗ್ ಪ್ರೊಫೆಸರ್.

ಸಿವಿಲ್‌ನವರಿಗೆ ಇಲ್ಲಿ ಏನು ಕೆಲಸ? ಎಬರ್‌ಹಾರ್ಟ್ ಯುದ್ಧದ ಕಾಲದಲ್ಲಿ ವಿಮಾನ ಇಳಿಯುವ ರನ್‌ವೇ ಎಷ್ಟು ಭಾರ ತಾಳುತ್ತದೆ ಅಂತ ಪರೀಕ್ಷೆ ಮಾಡುತ್ತಿದ್ದರು. ಆ ಕೆಲಸದಲ್ಲೇ ಕಾಲು ಜಜ್ಜಿಹೋಯಿತು. ಮೊಣಕಾಲಿನ ಕೆಳಗೆ ತೆಗೆದರು. ನಮ್ಮ ಕಾಕಾಗೆ ತೆಗೆದ ಹಾಗೆಯೇ. ರನ್‌ವೇಯ ಭಾರ ಲೆಕ್ಕ ಹಾಕುತ್ತಿದ್ದ ಮನುಷ್ಯ ಮುಂದೆ ಕಾಲಿನ ಭಾರ ಲೆಕ್ಕ ಹಾಕಲು ಕೂತರು. ಇದನ್ನು ಓದಿದ ದಿನ ನನಗೆ ಹೆಳವ ನೆನಪಾದ.

ಅವರು ಮಾಡಿದ ಪ್ರಯೋಗ ಒಂದೊಂದೂ ಹುಚ್ಚೇ. ಸೊಂಟ, ಮೊಣಕಾಲು, ಹರಡು, ಪಾದಕ್ಕೆ ಸಣ್ಣ ಬಲ್ಬ್ ಕಟ್ಟುವುದು. ಕ್ಯಾಮೆರಾದ ಬಾಯಿ ತೆರೆದೇ ಇಟ್ಟು, ಅದರ ಮುಂದೆ ಸೀಳು ಇರುವ ಚಕ್ರ ತಿರುಗಿಸುವುದು. ಮನುಷ್ಯ ನಡೆದರೆ ಫಿಲ್ಮ್ ಮೇಲೆ ಚುಕ್ಕಿ ಚುಕ್ಕಿ ಚುಕ್ಕಿ. ಚುಕ್ಕಿ ಸೇರಿಸಿದರೆ ನಡಿಗೆಯ ರಂಗೋಲಿ. ಗಾಜಿನ ನೆಲ ಮಾಡಿ ಅದರ ಮೇಲೆ ನಡೆಸಿ, ಕೆಳಗಿನಿಂದಲೂ ಫೋಟೊ ತೆಗೆದರು. ಚರ್ಮ ಸರಿದಾಡುತ್ತದೆ, ಮೂಳೆಯ ನಿಜವಾದ ತಿರುವು ಸಿಗುವುದಿಲ್ಲ ಅಂತ ಸೊಂಟದ ಮೂಳೆ, ತೊಡೆಮೂಳೆ, ಮೊಣಕಾಲ ಕೆಳಗಿನ ಮೂಳೆಗೆ ಉಕ್ಕಿನ ಪಿನ್ ತಿರುಗಿಸಿ, ಆ ಪಿನ್ ಸಮೇತ ಜನರನ್ನು ನಡೆಸಿದರು. 1948ರಲ್ಲಿ ಅದರ ವರದಿ ಬಂತು. ತಾವಾಗಿಯೇ ಮುಂದೆ ಬಂದ ಗಟ್ಟಿಮುಟ್ಟು ಗಂಡಸರಂತೆ. ನಾನು ಆ ಪುಟ ಓದಿ ಮುಗಿಸಿ ನನ್ನ ತೊಡೆ ಒಮ್ಮೆ ಮುಟ್ಟಿ ನೋಡಿಕೊಂಡೆ.

1950ರಲ್ಲಿ ಅದೇ ಲ್ಯಾಬಿನ ಬ್ರೆಸ್ಲರ್ ಮತ್ತು ಫ್ರಾಂಕೆಲ್, ನಡೆಯುವಾಗ ಹರಡು, ಮೊಣಕಾಲು, ಸೊಂಟದ ಕೀಲಿಗೆ ಎಷ್ಟೆಷ್ಟು ಬಲ ಬೀಳುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದರು. ನಡೆದವರು ನಾಲ್ಕೇ ಮಂದಿ. ಯಾಕೆ ನಾಲ್ಕೇ ಅಂತ ಈಗಿನ ಹುಡುಗರು ಕೇಳುತ್ತಾರೆ. ಎಲ್ಲ ಲೆಕ್ಕ ಕೈಯಲ್ಲಿ ಕಣಪ್ಪಾ. ಗ್ರಾಫ್ ಕೈಯಲ್ಲಿ. ನಮ್ಮಲ್ಲಿ ಕಂಪ್ಯೂಟರ್ ಇದ್ದೂ ಏನಾಯಿತು ನೋಡಿ: ಕ್ಯಾಮೆರಾಕ್ಕೆ ಕಾಣುವಷ್ಟು ದೂರ ನಡೆಯಲು ನಾಲ್ಕು ಸೆಕೆಂಡ್. ಸೆಕೆಂಡಿಗೆ 25 ಫ್ರೇಮ್, ಅಂದರೆ 100. ಒಂದೊಂದರಲ್ಲಿ 13 ಚುಕ್ಕಿ, ಎರಡು ಕ್ಯಾಮೆರಾ. ಒಟ್ಟು 2,600 ಸಲ ಮೌಸ್ ಕ್ಲಿಕ್ ಮಾಡಬೇಕು. ನಮ್ಮ ಪ್ರಾಜೆಕ್ಟ್ ಹುಡುಗ ಒಬ್ಬ ಕ್ಲಿಕ್ ಮಾಡುತ್ತ ಮಾಡುತ್ತ ನಿದ್ದೆ ಹೋಗಿ, ಒಬ್ಬರ ಮೊಣಕಾಲನ್ನು ಕಿವಿ ಹತ್ತಿರ ಕೂರಿಸಿದ್ದ.

1953ರಲ್ಲಿ ಸಾಂಡರ್ಸ್, ಇನ್‌ಮನ್, ಎಬರ್‌ಹಾರ್ಟ್ ಮೂವರು ಸೇರಿ, ಮೈಯ ಭಾರ ಹೆಚ್ಚು ಮೇಲೆ ಕೆಳಗೆ ಜಿಗಿಯದ ಹಾಗೆ ನಡಿಗೆಯಲ್ಲಿ ಆರು ಉಪಾಯ ಇವೆ ಅಂತ ಬರೆದರು. ಸೊಂಟ ಸ್ವಲ್ಪ ತಿರುಗುತ್ತದೆ, ಸ್ವಲ್ಪ ವಾಲುತ್ತದೆ, ಮೊಣಕಾಲು ಸ್ವಲ್ಪ ಮಡಚುತ್ತದೆ, ಹೀಗೆ. ನಲವತ್ತು ವರ್ಷ ಎಲ್ಲ ಪುಸ್ತಕಗಳಲ್ಲೂ ಅದೇ ಪಾಠ. ಆಮೇಲೆ ಒಳ್ಳೆ ಕ್ಯಾಮೆರಾ ಬಂದ ಮೇಲೆ ಅಳೆದು ನೋಡಿದರೆ, ಆರರಲ್ಲಿ ಕೆಲವು ಅಷ್ಟೇನೂ ಕೆಲಸ ಮಾಡುವುದಿಲ್ಲ ಅಂತ ಗೊತ್ತಾಯಿತು. ಇದರಿಂದ ಆ ಹಳಬರ ಮೇಲಿನ ಗೌರವ ನನಗೆ ಕಡಿಮೆ ಆಗಲಿಲ್ಲ. ಲ್ಯಾಬ್ ನಡೆಸಿದವರಿಗೆ ಗೊತ್ತು, ತಪ್ಪು ಅಂತ ತೋರಿಸಲಿಕ್ಕಾದರೂ ಮೊದಲು ಯಾರಾದರೂ ಬರೆದಿರಬೇಕು.

ಇನ್ನು ಕಾಕಾನ ಅಟ್ಟದ ಕಾಲು. ಸ್ಯಾಚ್ ಫುಟ್ 1950ರ ದಶಕದಲ್ಲಿ ಹುಟ್ಟಿದ್ದು ಬರ್ಕ್ಲಿಯ ಇದೇ ಲ್ಯಾಬಿನಲ್ಲಿ. ಅವರ ಸಿಪಾಯಿಗಳಿಗೆ ಅದು ವರ. ಅವರು ಬೂಟು ಹಾಕುತ್ತಾರೆ, ಕುರ್ಚಿ ಮೇಲೆ ಕೂರುತ್ತಾರೆ, ಕಾಂಕ್ರೀಟ್ ಮೇಲೆ ನಡೆಯುತ್ತಾರೆ. ಅವರು ಅಳೆದಿದ್ದೂ ಅಂಥ ನಡಿಗೆಯನ್ನೇ. ಎರೆಹೊಲದಲ್ಲಿ ಮಳೆ ಬಿದ್ದ ಮರುದಿನ ನಡೆದು ನೋಡಿ. ಹೆಜ್ಜೆಗೆ ಒಂದೊಂದು ಪದರ ಮಣ್ಣು ಮೆತ್ತಿ, ಹತ್ತು ಹೆಜ್ಜೆಗೆ ಕಾಲು ರೋಣಗಲ್ಲು ಆಗುತ್ತದೆ. ಆ ನಡಿಗೆಯನ್ನು ಗಾಜಿನ ನೆಲದ ಮೇಲೆ ಅಳೆಯಲು ಬರುವುದಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಉತ್ತರ ಬಂದಿದ್ದು 1968ರ ಹೊತ್ತಿಗೆ, ಜೈಪುರದಿಂದ. ರಾಮಚಂದ್ರ ಶರ್ಮ ಅನ್ನುವ ಕುಶಲಕರ್ಮಿ, ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಮೂಳೆ ಡಾಕ್ಟರ್ ಪಿ. ಕೆ. ಸೇಠಿ. ಟೈರ್ ರೀಟ್ರೆಡ್ ಮಾಡುವುದನ್ನು ನೋಡಿ ಶರ್ಮರಿಗೆ ರಬ್ಬರ್ ಬೇಯಿಸಿ ಪಾದ ಮಾಡುವ ಯೋಚನೆ ಬಂತು ಅಂತ ಒಂದು ಕಥೆ ಇದೆ. ಒಳಗೆ ಹಗುರ ರಬ್ಬರ್, ಒಂದಿಷ್ಟು ಕಟ್ಟಿಗೆ, ಹೊರಗೆ ಪಾದದ ಬಣ್ಣದ ರಬ್ಬರ್ ಚರ್ಮ, ಬೆರಳು ಸಮೇತ. ಎಲ್ಲ ಕಡೆ ಬಾಗುತ್ತದೆ. ಬೂಟು ಬೇಡ, ನೀರಿಗೆ ಹೆದರಬೇಕಿಲ್ಲ, ಕುಕ್ಕರಗಾಲಲ್ಲಿ ಕೂರಬಹುದು, ಚಕ್ಕಂಬಕ್ಕಳ ಹಾಕಬಹುದು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮರ ಹೆಸರು ಅಷ್ಟು ಕೇಳಿಬರಲಿಲ್ಲ. ಕೈಯಲ್ಲಿ ಕೆಲಸ ಮಾಡುವವರ ಹೆಸರು ಯಾವಾಗ ಮೊದಲು ಬಂದಿದೆ ಹೇಳಿ. ಇದು ಲ್ಯಾಬ್ ಇನ್‌ಸ್ಟ್ರಕ್ಟರ್ ಹೊಟ್ಟೆಕಿಚ್ಚು ಅಂತ ಬೇಕಾದರೆ ಅನ್ನಿ.

ಈ ಕಾಲು ಕಾಕಾಗೆ ಹುಬ್ಬಳ್ಳಿಯ ಒಂದು ಶಿಬಿರದಲ್ಲಿ ಸಿಕ್ಕಿತ್ತು. ಮೂರು ನಾಲ್ಕು ವರ್ಷಕ್ಕೊಮ್ಮೆ ಪಾದ ಸವೆಯುತ್ತಿತ್ತು, ಹೋಗಿ ಬದಲಿ ಮಾಡಿಸಿಕೊಂಡು ಬರುತ್ತಿದ್ದರು. ಆ ಕಾಲು ಹಾಕಿಕೊಂಡೇ ಅವರು ನಮ್ಮ ಲ್ಯಾಬಿಗೆ ಬಂದರು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಹುಡುಗರಿಗೆ ಅಂತ ಹುರಿದ ಶೇಂಗಾದ ಪೊಟ್ಟಣ. ಪ್ಲೇಟ್ ನೋಡಿ, "ಏನ್ ತಮ್ಮಾ, ಎಪಿಎಂಸಿ ತೂಕದ ಕಟ್ಟಿ ಇದ್ದಂಗ ಐತಲ್ಲೋ. ಚೀಲಕ್ಕ ಎಷ್ಟ್ ಸೂಟ್ ಹಿಡೀತೀರಿ?" ಅಂದರು. ಸೂಟ್ ಅಂದರೆ ಮಾರುಕಟ್ಟೆಯಲ್ಲಿ ತೂಕದಲ್ಲಿ ಮುರಿದುಕೊಳ್ಳುವುದು.

ಚಡ್ಡಿ ಹಾಕಿಸಿ, ಮೈಮೇಲೆ ಗುಂಡು ಅಂಟಿಸಿದೆವು. ಲೈಟ್ ಹಾಕಿದರೆ ಪರದೆ ಮೇಲೆ ಹದಿಮೂರಕ್ಕೆ ಹದಿನೈದು ಚುಕ್ಕಿ. ಎಣಿಸಿ ಎಣಿಸಿ ಸಾಕಾಯಿತು. ನೋಡಿದರೆ ಅವರ ಬೆಳ್ಳಿ ಉಡದಾರ ಎರಡು ಕಡೆ ಹೊಳೆಯುತ್ತಿತ್ತು! "ಕಾಕಾ, ಸ್ವಲ್ಪ ಹೊತ್ತು ಉಡದಾರ ತೆಗೀರಿ" ಅಂದೆ. ಅವರು ನಗಲಿಲ್ಲ. "ಉಡದಾರ ತಗ್ಯೂದು ಒಂದ ಸಲ. ಅವತ್ತು ನಾ ಮಲಗಿರ್ತೀನಿ, ನೀವು ತಗೀರಿ." ಕೊನೆಗೆ ಸರ್ ತಮ್ಮ ಛತ್ರಿಯ ಕರಿ ಬಟ್ಟೆ ಕತ್ತರಿಸಿಕೊಟ್ಟರು. ಉಡದಾರಕ್ಕೆ ಸುತ್ತಿದೆವು.

ಆಮೇಲೆ ಇನ್ನೊಂದು ತಾಪತ್ರಯ. ಪ್ಲೇಟ್ ಮೇಲೇ ಕಾಲಿಡಬೇಕು ಅಂತ ಹೇಳಿಬಿಟ್ಟಿದ್ದೆವು. ಕಾಕಾ ದೂರದಿಂದಲೇ ಕಣ್ಣಿಟ್ಟು, ಹತ್ತಿರ ಬಂದಾಗ ಹೆಜ್ಜೆ ಸಣ್ಣ ಮಾಡಿ, ವೀರಭದ್ರನ ಜಾತ್ರೆಯಲ್ಲಿ ಅಗ್ಗಿ ಹಾಯುವವರ ಹಾಗೆ ಸರಕ್ಕನೆ ದಾಟಿದರು. ಎಲ್ಲ ಲ್ಯಾಬ್‌ಗಳಲ್ಲೂ ಇದು ಇದ್ದದ್ದೇ. ಗುರಿ ತೋರಿಸಿದರೆ ನಡಿಗೆ ಕೆಡುತ್ತದೆ. ಮೇಲೆ ತೆಳು ಜಮಖಾನೆ ಹಾಸಿ, ಎದುರು ಗೋಡೆಯ ಕ್ಯಾಲೆಂಡರ್ ನೋಡುತ್ತ ಬನ್ನಿ ಅಂದೆವು. ಹನ್ನೊಂದನೇ ಸಲಕ್ಕೆ ಸರಿಯಾಗಿ ಬಿತ್ತು.

ಪರದೆ ಮೇಲೆ ಗೆರೆ ಬಂತು. ಸಾಮಾನ್ಯವಾಗಿ ನಡೆಯುವವರದು ಎರಡು ದಿಬ್ಬದ ಗೆರೆ. ಕಾಲೂರಿದಾಗ ಮೈತೂಕದ ಸುಮಾರು ಶೇಕಡಾ 110ಕ್ಕೆ ಏರುತ್ತದೆ, ನಡುವೆ 80ರ ಹತ್ತಿರ ಇಳಿಯುತ್ತದೆ, ಬೆರಳಿಂದ ನೆಲ ನೂಕುವಾಗ ಮತ್ತೆ ಏರುತ್ತದೆ. ಕಾಕಾನ ಒಳ್ಳೆ ಕಾಲಿಗೆ ದಿಬ್ಬ ಎತ್ತರ. ರಬ್ಬರ್ ಕಾಲಿಗೆ ಎರಡನೇ ದಿಬ್ಬ ಸವೆದ ಒಡ್ಡಿನ ಹಾಗೆ, ಅಷ್ಟಕ್ಕಷ್ಟೇ. ನೂಕಲು ಅಲ್ಲಿ ಮೀನಖಂಡ ಇಲ್ಲವಲ್ಲ. ಕಾಕಾ ಬಹಳ ಹೊತ್ತು ಗೆರೆ ನೋಡಿದರು. "ಹಂಗಾರ ಇಪ್ಪತ್ತು ವರ್ಷದಿಂದ ಈ ಬಲಗಾಲs ನನ್ನ ಹೊತ್ತೈತಿ" ಅಂತ ಆ ಕಾಲಿನ ತೊಡೆ ತಟ್ಟಿದರು.

ಹೆಳವರ ಲೆಕ್ಕದಲ್ಲಿ ಹೇಳಬೇಕಾದರೆ ಇನ್ನೂ ಹಿಂದಕ್ಕೆ ಹೋಗಬೇಕು. ಬರ್ಕ್ಲಿಯ ಬಲ್ಬಿಗೂ ಒಬ್ಬ ಅಜ್ಜ ಇದ್ದ. 1891ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಬ್ರೌನೆ ಅನ್ನುವ ಅಂಗರಚನೆಯ ಪ್ರೊಫೆಸರ್, ಫಿಶರ್ ಅನ್ನುವ ಗಣಿತದವರು ಒಬ್ಬ ಮನುಷ್ಯನ ಕೈಕಾಲಿಗೆ ಮಿನುಗುವ ಗಾಜಿನ ಕೊಳವೆ ಕಟ್ಟಿ ಕತ್ತಲಲ್ಲಿ ನಡೆಸಿದರು. ಶಾಕ್ ಹೊಡೆಯದ ಹಾಗೆ ರಬ್ಬರ್ ಪಟ್ಟಿ. ಕಟ್ಟಲು ತಾಸುಗಟ್ಟಲೆ, ನಡೆಯುವುದು ನಾಲ್ಕಾರು ಹೆಜ್ಜೆ. ಬ್ರೌನೆ ಮರುವರ್ಷವೇ ತೀರಿಕೊಂಡರು. ಫಿಶರ್ ಒಬ್ಬರೇ ಲೆಕ್ಕ ಹಾಕುತ್ತ 1904ರವರೆಗೆ ಅದರ ಭಾಗಗಳನ್ನು ಅಚ್ಚು ಹಾಕಿಸಿದರು. ಆ ಅಜ್ಜನಿಗೂ ಹಿಂದೆ ಪ್ಯಾರಿಸ್‌ನ ಮಾರೇ ಇದ್ದರು. ಗಾಳಿ ತುಂಬಿದ ಬೂಟು ಹಾಕಿಸಿ ಹೆಜ್ಜೆಯ ಒತ್ತಡ ಬರೆಸಿಕೊಂಡವರು, 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾದಿಂದ ಸೆಕೆಂಡಿಗೆ 12 ಫೋಟೊ ತೆಗೆದವರು. ಕುದುರೆ ಓಡುವಾಗ ನಾಲ್ಕೂ ಕಾಲು ಒಮ್ಮೆ ನೆಲ ಬಿಡುತ್ತವೆ ಅಂತ 1878ರಲ್ಲಿ ಫೋಟೊದಲ್ಲಿ ತೋರಿಸಿದ ಮಯ್‌ಬ್ರಿಜ್ ಅಂತೂ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿ ಅಂದರೆ, ಅವರು 1884ರಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಂಗಳದಲ್ಲಿ ಕೆಲಸ ಮಾಡಿದಾಗ, ಡರ್ಕಮ್ ಅನ್ನುವ ನರರೋಗದ ಡಾಕ್ಟರ್ ನಡಿಗೆ ಕೆಟ್ಟ ರೋಗಿಗಳನ್ನು ಅಲ್ಲಿಗೆ ಕರೆತಂದಿದ್ದರು. ಕುದುರೆ ನೋಡಿದ ಕ್ಯಾಮೆರಾ ಕುಂಟುವವರನ್ನೂ ನೋಡಿತು. ಇನ್‌ಮನ್ ಕೈಕೆಳಗೆ ಕಲಿತ ಜಾಕ್ವೆಲಿನ್ ಪೆರ್ರಿ ಅನ್ನುವ ಡಾಕ್ಟರಮ್ಮ ಮುಂದೆ ಪೋಲಿಯೋ ಆದವರ ನಡಿಗೆ ನೋಡುತ್ತ ಜೀವನ ಕಳೆದರು.

1995ರಲ್ಲಿ ಸ್ಯಾಚ್ ಪಾದವನ್ನೂ ಜೈಪುರ ಪಾದವನ್ನೂ ಫೋರ್ಸ್ ಪ್ಲೇಟ್ ಮೇಲೆ ಹೋಲಿಸಿ ನೋಡಿದ ಒಂದು ವರದಿ ಬಂತು. ನಡೆದವರು ಮೂವರೇ. ಹೊಡೆತ ತಾಳುವುದರಲ್ಲಿ ಸ್ಯಾಚ್ ಮೇಲು, ಸಹಜ ನಡಿಗೆಗೆ ಹತ್ತಿರ ಜೈಪುರದ್ದು ಅಂತ ಅದರಲ್ಲಿ ಬರೆದಿದ್ದರು. ಸರ್ ಅದನ್ನು ಓದಿ ಹೇಳಿದಾಗ ಕಾಕಾ ಶೇಂಗಾ ಒಡೆಯುತ್ತ, "ಇದನ್ನ ಅಳ್ಯಾಕ ಮಷಿನ್ ಬೇಕಾತೇನು?" ಅಂದರು.

ನಮ್ಮ ಲ್ಯಾಬ್ ನಾಲ್ಕು ವರ್ಷ ನಡೆಯಿತು. ಸರ್ ಬೇರೆ ಕಡೆ ಹೋದರು. ಯಾರೂ ಮುಚ್ಚಿ ಅನ್ನಲಿಲ್ಲ, ಸುಮ್ನೆ ಬೀಗ ಹಾಕಿದರು. ಗುಂಡಿಯ ಮೇಲೆ ಪ್ಲೈವುಡ್ ಬಿತ್ತು. ನಾನು ರಿಟೈರ್ ಆಗುವ ಹೊತ್ತಿಗೆ ಅಲ್ಲಿ ಝೆರಾಕ್ಸ್ ಮಷಿನ್ ಇತ್ತು, ಮೂಲೆಯಲ್ಲಿ ಕಟ್ಟಿಟ್ಟ ಹಳೇ ಉತ್ತರಪತ್ರಿಕೆ. ಗೋಡೆಯ ಕ್ಯಾಲೆಂಡರ್ ಮಾತ್ರ ಹಾಗೇ.

ಒಂದು ಸಿಡಿ ನನ್ನ ಹತ್ತಿರ ಉಳಿದಿತ್ತು. ಹೆಳವ ಬಂದು ಹೋದ ಸಂಜೆ ಅದನ್ನು ಹಳೇ ಲ್ಯಾಪ್‌ಟಾಪ್‌ಗೆ ಹಾಕಿದೆ. ಸ್ವೀಡನ್ನಿನಲ್ಲಿ ಯೊಹಾನ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು 1973ರಲ್ಲಿ ತೋರಿಸಿದ್ದರು: ಕತ್ತಲಲ್ಲಿ ಕೀಲುಗಳ ಮೇಲಿನ ಹತ್ತು ಹನ್ನೆರಡು ಚುಕ್ಕಿ ಅಷ್ಟೇ ಕಂಡರೂ ಸಾಕು, ನಿಂತಾಗ ಅರ್ಥವಾಗದ ಚುಕ್ಕಿ ಅಲುಗಿದ ಕೂಡಲೇ ಮನುಷ್ಯ ಅಂತ ಗೊತ್ತಾಗುತ್ತದೆ. ಕಾಕಿಗೆ ಇದೇನೂ ಹೇಳಲಿಲ್ಲ. ಅವರು ಅಕ್ಕಿ ಆರಿಸುತ್ತ ಕೂತಿದ್ದರು. ಕರಿ ಪರದೆ ಮೇಲೆ ಹದಿಮೂರು ಬಿಳಿ ಚುಕ್ಕಿ ಎಡದಿಂದ ಬಲಕ್ಕೆ ಹೋದವು.

ಕಾಕಿಯ ಕೈ ನಿಂತಿತು.

"ಇವರs ಅಲ್ಲೇನು?"

ಹೌದು ಅಂದೆ. ಇನ್ನೊಮ್ಮೆ ಹಾಕು ಅಂದರು. ಹಾಕಿದೆ. ಮೂರನೇ ಸಲ ಮುಂದೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಯಾಕ ಇಷ್ಟ್ ಹುಷಾರಾಗಿ ನಡ್ಯಾಕತ್ತಾರ? ಹೊಲದಾಗ ಹಿಂಗ ನಡೀತಿರ್ಲಿಲ್ಲ ನೋಡು" ಅಂದರು. ಮೊರ ಬದಿಗಿಟ್ಟರು. "ಮತ್ತ ಹಾಕು."